ದೇವರ ಗೂಡಿನಲ್ಲಿ ವೀಸಾ

ಗಂಡ ಮಸ್ಕತ್‌ನಿಂದ ಕಳಿಸಿದ್ದ ವಿಸಿಟಿಂಗ್ ವೀಸಾದ ಮೇಲೆ ಅಂಟಿದ್ದ ಕುಂಕುಮವನ್ನು ಶಶಿರೇಖಾ ಹೆಬ್ಬೆರಳಿನಿಂದ ಉಜ್ಜಿದಳು. ಅಡಿಯಲ್ಲಿ ತಾರೀಕು ಕಾಣಿಸಿತು. ಜುಲೈ ಇಪ್ಪತ್ತರೊಳಗೆ ಅಲ್ಲಿಗೆ ತಲುಪಬೇಕಿತ್ತು. ಇವತ್ತು ಇಪ್ಪತ್ತೆರಡು.

ಆಷಾಢಕ್ಕೆಂದು ಗುಬ್ಬಿಯ ತವರಿಗೆ ಹೋದವಳು ಈಗಷ್ಟೇ ಕುಣಿಗಲ್ಲಿಗೆ ಬಂದಿದ್ದಳು. ಅತ್ತೆ ಭದ್ರಮ್ಮ ನಗುನಗುತ್ತಾ ದೇವರ ಗೂಡಿನಿಂದ ಲಕೋಟೆ ತೆಗೆದುಕೊಟ್ಟಿದ್ದರು.

“ಬಂದು ತಿಂಗಳಾಯ್ತು ಕಣವ್ವ. ಮದ್ವೆಯಾದ ಮೊದಲ್ನೇ ಆಷಾಢದಲ್ಲಿ ಗಂಡ ಹೆಂಡ್ತಿ ಒಂದೇ ಕಡೆ ಇರಬಾರ್ದಲ್ಲ? ಅದಕ್ಕೇ ಶ್ರಾವಣ ಬರ್ಲಿ ಅಂತ ಎತ್ತಿಟ್ಟಿದ್ದೆ.”

ಶಶಿರೇಖಾ ಕಾಗದವನ್ನು ಅವರ ಕೈಗೇ ತುರುಕಿದಳು.

“ಮದ್ವೆಯಾದ ಹದಿನೈದೇ ದಿನಕ್ಕೆ ನಿಮ್ಮ ಮಗ ಪ್ಲೇನ್ ಹತ್ತಿದ್ರಲ್ಲ ಅತ್ತೆ, ಅವತ್ತಿಂದ ನಂಗೆ ಆಷಾಢಾನೇ. ಅಷ್ಟು ಸಾಲ್ದಾಗಿತ್ತಾ ನಿಮ್ಗೆ?”