ಅರಿಶಿನ ಕುಂಕುಮದ ಕರೆ

ನರ್ಸಮ್ಮ ಮನೆಮನೆಗೂ ಬಂದು, ಶುಕ್ರವಾರ ಆಸ್ಪತ್ರೆಯಲ್ಲಿ ನಡೆಯುವ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಗೆ ಬೀದಿಯ ಹೆಂಗಸರನ್ನೆಲ್ಲ ಕರೆದು ಹೋಗಿದ್ದಳು.

"ರೋಗಾನೇ ಇಲ್ಲದೆ ಆಸ್ಪತ್ರೆಗೆ ಹೋಗಿ ಮಲಗ್ತಾರಾ? ಮಾನ ಇರೋ ಮನೆ ಹೆಂಗಸರು ಮಾಡೋ ಕೆಲಸಾನಾ ಅದು?" ಎಂದು ಗಂಡ ಕೂಗಾಡಿದ್ದ.

"ರೋಗ ಬರೋ ಮುಂಚೆ ನೋಡೋದೇ ಆ ಪರೀಕ್ಷೆ ರೀ" ಎಂದ ಹೆಂಡತಿಯ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅದಕ್ಕೇ ಶುಕ್ರವಾರ ಬೆಳಿಗ್ಗೆ ಅವಳು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೊರಟಳು. ಬೀದಿಯ ಹೆಂಗಸರೆಲ್ಲ ಮಾತಾಡಿಕೊಂಡು ಹೇಳುತ್ತಿದ್ದ ಸುಳ್ಳನ್ನೇ ಅವಳೂ ಹೇಳಿದಳು.

"ಹಿಂದಿನ ಬೀದೀಲಿ ಅರಿಶಿನ ಕುಂಕುಮಕ್ಕೆ ಕರೆದಿದಾರೆ. ಹೋಗಿ ಬರ್ತೀನಿ ರೀ."

"ಅಂಥದಕ್ಕೆ ಹೋಗು. ಯಾರು ಬೇಡ ಅಂದ್ರು?" ಎಂದ ಗಂಡ, ಪೇಪರಿನಿಂದ ತಲೆ ಎತ್ತದೆ.

ಅವಳು ಹೊಸಿಲು ದಾಟುವಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಮಾವ ತೀರಿಕೊಂಡ ಮೇಲೆ ಅವರನ್ನು ಯಾರೂ ಅರಿಶಿನ ಕುಂಕುಮಕ್ಕೆ ಕರೆದಿರಲಿಲ್ಲ. ಇವತ್ತು ಮಡಿಕೆ ಮುರಿಯದ ಸೀರೆ ಉಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ನಡಿಯಮ್ಮ, ನಾನೂ ಬರ್ತೀನಿ."

ಸೊಸೆ ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು. ಮಗ ಪೇಪರು ಎಸೆದು ಬಾಗಿಲಿಗೆ ಅಡ್ಡ ಬಂದು ನಿಂತ.

"ನಿನಗೇನು ತಲೆ ಕೆಟ್ಟಿದೆಯಾ ಅಮ್ಮ? ಗಂಡ ಇಲ್ಲದೋಳನ್ನ ಅರಿಶಿನ ಕುಂಕುಮಕ್ಕೆ ಯಾರು ಕರೆದ್ರು?"

"ನರ್ಸಮ್ಮ" ಎಂದರು ಅತ್ತೆ, ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡು. "ಅವಳು ಹಣೆ ನೋಡಿ ಕರೆಯೋಳಲ್ಲ ಕಣೋ. ದಾರಿ ಬಿಡು."