ಡಾಕ್ಟರ್ ಇಂದುಮತಿಯವರ ನಿನ್ನೆಯ ಸಂಜೆ

ಆಪ್ತಸಮಾಲೋಚಕರ ಮನೆಯಲ್ಲಿ ಹಿಂದಿನ ಸಂಜೆ ನಡೆದದ್ದನ್ನು ಅವರ ಕ್ಲಿನಿಕ್ಕಿನ ಪರದೆಯ ಮೇಲೆ ತೋರಿಸಬೇಕೆಂಬ ಕಾನೂನು ಹುಬ್ಬಳ್ಳಿಯವರಿಗೆ ಹಳೆಯದಾಗಿತ್ತು. ಸರದಿಗೆ ಕಾಯುವವರು ಅದನ್ನು ನೋಡುತ್ತಲೇ ಚಹಾ ಕುಡಿಯುತ್ತಿದ್ದರು.

ಆ ಬೆಳಿಗ್ಗೆ ಪರದೆಯಲ್ಲಿ ಡಾಕ್ಟರ್ ಇಂದುಮತಿ ಬಳಿಗಾರ ಅವರು ತಮ್ಮ ಗಂಡನ ಮೇಲೆ ಕೂಗಾಡಿ ಲಟ್ಟಣಿಗೆ ಎಸೆದರು. ಪರದೆಯ ಕೆಳಗೇ ಅವರ ಪ್ರಸಿದ್ಧ ಮಾತನ್ನು ಚೌಕಟ್ಟು ಹಾಕಿಸಿ ತೂಗುಹಾಕಲಾಗಿತ್ತು: ‘ಸಿಟ್ಟು ಬಂದಾಗ ಮೊದಲು ಒಂದು ಲೋಟ ನೀರು ಕುಡಿಯಿರಿ.’

ಸಹಾಯಕಿ ಗಂಗವ್ವ ಶಾಲು ಹಿಡಿದು ಓಡಿಬಂದಳು. “ಪರದೆ ಮುಚ್ಚಿಬಿಡ್ಲೇನ್ರಿ ಮೇಡಂ?”

“ಬ್ಯಾಡ. ದನಿ ಇನ್ನಷ್ಟು ಜೋರು ಮಾಡು,” ಎಂದರು ಒಳಗಿನಿಂದ ಬಂದ ಇಂದುಮತಿ.

ಹೆಂಡತಿಯೊಡನೆ ಬಂದಿದ್ದ ಈರಣ್ಣ ಎದ್ದುನಿಂತ. “ನಾವು ಎದುರಿನ ಡಾಕ್ಟರ್ ಕಡೆ ಹೋಗ್ತೀವ್ರಿ. ಅವರ ಮನ್ಯಾಗ ದಿನಾ ಎಲ್ಲಾರೂ ನಕ್ಕೋತ ಉಣ್ಣಾಕ ಕುಂತಿರ್ತಾರ.”

“ಕುಂತಿರ್ತಾರ. ಯಾರರ ಒಂದು ತುತ್ತು ಬಾಯಾಗ ಇಟ್ಟಿದ್ದು ನೋಡೀರೇನ್ರಿ?”

ಈರಣ್ಣ ಯೋಚಿಸಿದ. ನೋಡಿರಲಿಲ್ಲ. ಆದರೂ ಬಿಡಲಿಲ್ಲ. “ಮಂದಿಗೆ ನೀರು ಕುಡೀರಿ ಅಂತೀರಿ, ನೀವು ಲಟ್ಟಣಿಗಿ ಒಗೀತೀರಿ!”

“ಹೌದು, ಒಗದೆ. ನಾ ಹೇಳೋದು ಖರೇನ. ನನಗ ಅದು ಇನ್ನೂ ಬಂದಿಲ್ಲ ಅನ್ನೋದೂ ಖರೇನ. ನಾಟಕ ಮಾತ್ರ ಮಾಡಂಗಿಲ್ಲ.”

ಪರದೆಯ ಇಂದುಮತಿ ಇನ್ನೂ ಅರಚುತ್ತಿದ್ದರು. ಕೋಣೆಯ ಇಂದುಮತಿ ಕುರ್ಚಿ ಎಳೆದುಕೊಂಡು ಈರಣ್ಣನ ಹೆಂಡತಿಯ ಎದುರು ಕೂತರು.

“ನಮ್ಮ ಮನಿ ಹಣೇಬರಹ ಎಲ್ಲಾರೂ ನೋಡಿದ್ರು ತಂಗಿ. ನಿಮ್ಮ ಮನ್ಯಾಗ ನಿನ್ನೆ ಸಂಜಿಗೆ ಏನಾತು, ಹೇಳು.”

“ನಡಿ, ನಡಿ,” ಎಂದು ಈರಣ್ಣ ಬಾಗಿಲ ಬಳಿಯಿಂದ ಗದರಿದ.

ಹೆಂಡತಿ ಏಳಲಿಲ್ಲ. “ನೀವು ಎದುರಿನ ಡಾಕ್ಟರ್ ಕಡೆ ಹೋಗ್ರಿ,” ಎಂದಳು. “ನಾ ಇಲ್ಲೇ ಹೇಳ್ತೀನಿ.”