ಚೀರುವುದಕ್ಕಿಂತ ಮೊದಲು

ದೇವರ ಭಂಡಾರದ ಅರಿಷಿಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಮುಷ್ಟಿ ತಾನಾಗಿ ಬಿಗಿಯುತ್ತದೆ.

ದುಧನಿ ಹತ್ತಿರದ ನಮ್ಮ ಮನೆಯಲ್ಲಿ, ಇನ್ನೂ ಮಾತು ಬಾರದ ತಂಗಿ ಇದ್ದಕ್ಕಿದ್ದಂತೆ ಚೀರಿ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದಳು. “ಬೀರಪ್ಪ ದೇವ್ರು ಸಿಟ್ಟಾಗ್ಯಾನ,” ಎಂದು ಅಜ್ಜಿ ಓಡಿ ಬಂದು ಅವಳ ಹಣೆ, ಕೆನ್ನೆ, ಕಿವಿಗೆಲ್ಲ ಭಂಡಾರ ಬಳಿಯುತ್ತಿದ್ದಳು.

ಒಂದು ಮಧ್ಯಾಹ್ನ ಅಂಗನವಾಡಿಯ ಅಕ್ಕೋರು ಬಂದರು. “ಚೀರಿದ ಮ್ಯಾಲ ಎಲ್ಲಾರೂ ಓಡಿ ಬರ್ತೀರಿ. ಅದಕ್ಕೂ ಮೊದಲ ಏನ್ ಆಗ್ತೈತಿ, ನಾ ಸುಮ್ನ ಕುಂತು ನೋಡ್ತೀನ್ರಿ,” ಎಂದು ಕಂಬಳಿಯ ಮೇಲೆ ಕೂತರು.

ಅನ್ನ ಸಾರನ್ನು ತಂಗಿ ಸುಮ್ಮನೆ ಉಂಡಳು. ಆಮೇಲೆ ಕಡಕ್ ರೊಟ್ಟಿ ಕಡಿದಳು. ಕೈ ಎಡಗಿವಿಗೆ ಹೋಯಿತು, ಅದರ ಹಿಂದೆಯೇ ಚೀರಿದಳು. ಅಕ್ಕೋರು ಕೂದಲು ಸರಿಸಿದರು. ಒಣಗಿದ ಭಂಡಾರದ ಕೆಳಗೆ ಕಿವಿ ಕೀವುಗಟ್ಟಿತ್ತು.

“ಎಷ್ಟ್ ದಿನದಿಂದ ಹಚ್ಚಾಕತ್ತೀರಿ, ಆಯಿ?”

“ಉಗಾದಿಯಿಂದ್ರಿ,” ಎಂದ ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಅಷ್ಟೂ ದಿನ ಭಂಡಾರ ಹಚ್ಚುವಾಗ ತಂಗಿ ಕೊಸರಾಡದಂತೆ ಅವಳ ಎರಡೂ ಕೈ ಹಿಡಿಯುತ್ತಿದ್ದವಳು ನಾನು. ಆ ಕೈಗಳು ಪ್ರತಿ ಸಲವೂ ಕಿವಿಯ ಕಡೆಗೇ ಎಳೆಯುತ್ತಿದ್ದವು.